ಜಡ್ಜ್ ಆಗಬೇಕಾ? ಸನ್ನದಿನಿಂದ ಜಿಲ್ಲಾ ನ್ಯಾಯಾಧೀಶರ ಪೀಠದವರೆಗೆ, ಹಂತ ಹಂತವಾಗಿ

ಎಲ್‌ಎಲ್‌ಬಿ ಕೊನೆಯ ವರ್ಷದಲ್ಲಿರುವವರು, ಆಗಷ್ಟೇ ಕರಿ ಕೋಟು ಹಾಕಿದವರು, ಕೆಲವೊಮ್ಮೆ ಅವರ ಅಪ್ಪ ಅಮ್ಮ ಕೂಡ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಜಡ್ಜ್ ಆಗಲು ಯಾವ ಪರೀಕ್ಷೆ ಬರೆಯಬೇಕು? ಕೆಪಿಎಸ್‌ಸಿ ಕರೆಯುತ್ತದಾ? ಮೂರು ವರ್ಷ ಪ್ರಾಕ್ಟೀಸ್ ಕಡ್ಡಾಯ ಅಂತಾರಲ್ಲ, ನಿಜವಾ? ಸಿವಿಲ್ ಜಡ್ಜ್ ಆದವರು ಮುಂದೆ ಹೈಕೋರ್ಟಿಗೂ ಹೋಗಬಹುದಾ? ಒಬ್ಬೊಬ್ಬರಿಗೆ ಬೇರೆ ಬೇರೆ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಇಲ್ಲಿ ಹೇಳುವುದು ಕರ್ನಾಟಕದ ವಿಚಾರಣಾ ನ್ಯಾಯಾಲಯಗಳ ಬಗ್ಗೆ. ಸಾಕ್ಷಿ ಕಟಕಟೆ ಹತ್ತುವ, ಪಾಟಿ ಸವಾಲು ನಡೆಯುವ, ಮೊದಲ ತೀರ್ಪು ಬರುವ ಕೋರ್ಟುಗಳು ಇವು. ಇಲ್ಲಿ ಮೂರು ಮೆಟ್ಟಿಲುಗಳಿವೆ. ಮೊದಲನೆಯದು ಸಿವಿಲ್ ಜಡ್ಜ್, ಹಳಬರು ಈಗಲೂ ಮುನ್ಸಿಫ್ ಎನ್ನುವ ಹುದ್ದೆ. ಎರಡನೆಯದು ಸೀನಿಯರ್ ಸಿವಿಲ್ ಜಡ್ಜ್. ಮೂರನೆಯದು ಜಿಲ್ಲಾ ನ್ಯಾಯಾಧೀಶರು. ತಾಲ್ಲೂಕು ಕೋರ್ಟಿನ ಬೋರ್ಡಿನಲ್ಲಿ ಸಾಮಾನ್ಯವಾಗಿ 'ಸಿವಿಲ್ ಜಡ್ಜ್ ಮತ್ತು ಜೆಎಂಎಫ್‌ಸಿ' ಎಂದಿರುತ್ತದೆ. ಜೆಎಂಎಫ್‌ಸಿ ಅಂದರೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್. ಒಬ್ಬರೇ ಅಧಿಕಾರಿ ಬೆಳಿಗ್ಗೆ ಜಮೀನಿನ ದಾವೆ ಕೇಳಿ, ಮಧ್ಯಾಹ್ನ ಕಳ್ಳತನದ ಕೇಸಿನ ಸಾಕ್ಷ್ಯ ಬರೆಸಿಕೊಳ್ಳುತ್ತಾರೆ.

ಎಲ್ಲಕ್ಕಿಂತ ಮೊದಲು ಒಂದು ಮಾತು ಮನಸ್ಸಿನಲ್ಲಿಡಿ. ಮೂರು ವರ್ಷದ ವಕೀಲಿಕೆಯನ್ನು ಬರೀ ಸರ್ಟಿಫಿಕೇಟಿಗಾಗಿ ದೂಡುವ ಕಾಲ ಅಂದುಕೊಂಡವರು ಮುಖ್ಯ ಪರೀಕ್ಷೆಯಲ್ಲಿ ಎಡವುತ್ತಾರೆ. ಹೇಗೋ ಪಾಸಾದರೂ ಪೀಠದ ಮೇಲೆ ಕೂತ ದಿನ ತಡಕಾಡುತ್ತಾರೆ. ಈ ಪರೀಕ್ಷೆಗೆ ಬೇಕಾದ ಕಲಿಕೆ ಬಹುಪಾಲು ನಡೆಯುವುದು ಕೋರ್ಟ್ ಹಾಲಿನಲ್ಲಿ, ಕೋಚಿಂಗ್ ಕ್ಲಾಸಿನಲ್ಲಲ್ಲ. ಮುಂದಿನ ಹಂತಗಳನ್ನು ಈ ಕಣ್ಣಿನಿಂದಲೇ ಓದಿ.

1. ಪದವಿ ಮತ್ತು ಸನ್ನದು

ಪಿಯುಸಿ ನಂತರ ಐದು ವರ್ಷದ ಕೋರ್ಸ್ ಮಾಡಿದರೂ ಸರಿ, ಡಿಗ್ರಿ ಮುಗಿಸಿ ಮೂರು ವರ್ಷದ ಎಲ್‌ಎಲ್‌ಬಿ ಮಾಡಿದರೂ ಸರಿ, ಎರಡಕ್ಕೂ ಒಂದೇ ಬೆಲೆ. ದೊಡ್ಡ ಹೆಸರಿನ ಕಾಲೇಜಿನಲ್ಲಿ ಓದಿಲ್ಲ ಅನ್ನುವ ಅಳುಕು ಬೇಡ, ಉತ್ತರ ಪತ್ರಿಕೆಯಲ್ಲಿ ಕಾಲೇಜಿನ ಹೆಸರು ಇರುವುದಿಲ್ಲ.

ಫಲಿತಾಂಶ ಬಂದ ಕೂಡಲೇ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ ಮಾಡಿಸಿ. ಇದನ್ನೇ ಸನ್ನದು ಪಡೆಯುವುದು ಎನ್ನುತ್ತಾರೆ. ನೋಂದಣಿ ಶುಲ್ಕ ಕಾಯ್ದೆಯಲ್ಲಿರುವುದಕ್ಕಿಂತ ಹೆಚ್ಚಿರಬಾರದು ಎಂದು ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಹೇಳಿದೆ. ಅದರಂತೆ ಸಾಮಾನ್ಯ ವರ್ಗಕ್ಕೆ 750 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 125 ರೂಪಾಯಿ. ಸ್ಟಾಂಪ್ ಶುಲ್ಕ ಇದ್ದರೆ ಅದು ಬೇರೆ.

ನಂತರ ಎಐಬಿಇ, ಅಂದರೆ ಅಖಿಲ ಭಾರತ ವಕೀಲರ ಪರೀಕ್ಷೆ, ಪಾಸು ಮಾಡಬೇಕು. ಇದಕ್ಕೆ ಎರಡು ವರ್ಷದ ಗಡುವಿದೆ. ಇಲ್ಲಿ ಬಹಳ ಜನ ಗೊಂದಲ ಮಾಡಿಕೊಳ್ಳುತ್ತಾರೆ. ನಿಮ್ಮ ಮೂರು ವರ್ಷದ ಲೆಕ್ಕ ಶುರುವಾಗುವುದು ಎಐಬಿಇ ಪಾಸಾದ ದಿನದಿಂದಲ್ಲ, ತಾತ್ಕಾಲಿಕ ನೋಂದಣಿ, ಅಂದರೆ ಪರಿಷತ್ತಿನಲ್ಲಿ ಮೊದಲು ಸಿಗುವ ನೋಂದಣಿ, ಆದ ದಿನದಿಂದ. ಹಾಗಾಗಿ ಸುಮ್ನೆ ಆರು ತಿಂಗಳು ಮನೆಯಲ್ಲಿ ಕೂತು ಆಮೇಲೆ ನೋಂದಣಿ ಮಾಡಿಸಿದರೆ ಆ ಆರು ತಿಂಗಳು ಹೋದಂತೆಯೇ.

2. ಮೂರು ವರ್ಷದ ವಕೀಲಿಕೆ

ಸಿವಿಲ್ ಜಡ್ಜ್ ಆಗಲು ಮೂರು ವರ್ಷ ವಕೀಲಿಕೆ ಮಾಡಿರಬೇಕು ಎಂಬ ಈ ನಿಯಮ ಹೊಸದಲ್ಲ. 1993ರಲ್ಲಿ ಸುಪ್ರೀಂ ಕೋರ್ಟೇ ಇದನ್ನು ಹಾಕಿತ್ತು. ಆಮೇಲೆ ನಮ್ಮವರೇ ಆದ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿ ಅವರ ಅಧ್ಯಕ್ಷತೆಯ ವೇತನ ಆಯೋಗ ಹೊಸ ಪದವೀಧರರಿಗೂ ಅವಕಾಶ ಕೊಡಬೇಕು ಎಂದಿತು, 2002ರಲ್ಲಿ ಕೋರ್ಟ್ ಅದನ್ನು ಒಪ್ಪಿತು. ಸುಮಾರು ಎರಡು ದಶಕ ಕಾಲೇಜಿನಿಂದ ನೇರವಾಗಿ ಪೀಠಕ್ಕೆ ಬರಬಹುದಿತ್ತು. 2025ರ ಮೇ 20ರಂದು ಸುಪ್ರೀಂ ಕೋರ್ಟಿನ ಆಗಿನ ಮುಖ್ಯ ನ್ಯಾಯಮೂರ್ತಿ ಬಿ.ಆರ್. ಗವಾಯಿ ಅವರಿದ್ದ ಪೀಠ ಮೂರು ವರ್ಷದ ನಿಯಮವನ್ನು ವಾಪಸ್ ತಂದಿತು. ಆ ಹೊತ್ತಿಗೆ ಶುರುವಾಗಿದ್ದ ನೇಮಕಾತಿಗಳಿಗೆ ಅದು ಅನ್ವಯಿಸಲಿಲ್ಲ.

ಪ್ರಾಕ್ಟೀಸ್ ಮಾಡಿದ್ದಕ್ಕೆ ಪುರಾವೆ ಬೇಕು. ನೀವು ಕೆಲಸ ಮಾಡುವ ಕೋರ್ಟಿನ ಪ್ರಧಾನ ನ್ಯಾಯಾಧೀಶರು ಸರ್ಟಿಫಿಕೇಟ್ ಕೊಡಬಹುದು. ಇಲ್ಲವೇ ಕನಿಷ್ಠ 10 ವರ್ಷ ಅನುಭವವಿರುವ ವಕೀಲರು ಕೊಟ್ಟ ಸರ್ಟಿಫಿಕೇಟಿಗೆ ಪ್ರಧಾನ ನ್ಯಾಯಾಧೀಶರು ದೃಢೀಕರಣ ಹಾಕಬೇಕು. ಹೈಕೋರ್ಟ್ ಅಥವಾ ಸುಪ್ರೀಂ ಕೋರ್ಟಿನಲ್ಲಿ ಪ್ರಾಕ್ಟೀಸ್ ಮಾಡುವವರಿಗೆ ಆ ಕೋರ್ಟ್ ಗೊತ್ತುಪಡಿಸಿದ ಅಧಿಕಾರಿಯ ದೃಢೀಕರಣ ಬೇಕು. ನ್ಯಾಯಮೂರ್ತಿಗಳ ಬಳಿ ಲಾ ಕ್ಲರ್ಕ್ ಆಗಿ ದುಡಿದ ಅವಧಿಯೂ ಲೆಕ್ಕಕ್ಕೆ ಬರುತ್ತದೆ.

ಎಡವುವ ಜಾಗ ಒಂದು: ಸೀನಿಯರ್ ಆಫೀಸಿನಲ್ಲಿ ಮೂರು ವರ್ಷ ಫೈಲ್ ಹಿಡಿದು ಓಡಾಡಿದರೂ ಎಲ್ಲೂ ನಿಮ್ಮ ಹೆಸರೇ ದಾಖಲಾಗದಿರುವುದು. ಸೀನಿಯರ್ ಹತ್ತಿರ ಮೊದಲ ದಿನವೇ ವಿನಯದಿಂದ ಕೇಳಿ, "ಸರ್, ವಕಾಲತ್ತಿನಲ್ಲಿ ನನ್ನ ಹೆಸರನ್ನೂ ಹಾಕ್ತೀರಾ?" ವಕಾಲತ್ತು ಅಂದರೆ ಕಕ್ಷಿದಾರ ತನ್ನ ವಕೀಲರಿಗೆ ಬರೆದುಕೊಡುವ ಅಧಿಕಾರ ಪತ್ರ. ಒಳ್ಳೆಯ ಸೀನಿಯರ್ ಬೇಡ ಅನ್ನುವುದಿಲ್ಲ. ನೋಂದಣಿ ಸಂಖ್ಯೆ ಹಾಕಿದರೆ ಇ-ಕೋರ್ಟ್ಸ್ ಜಾಲತಾಣದಲ್ಲಿ ವಕೀಲರ ಹೆಸರಿನಲ್ಲಿರುವ ಕೇಸುಗಳ ಪಟ್ಟಿ ಸಿಗುತ್ತದೆ. ಆಗಾಗ ನಿಮ್ಮದನ್ನು ನೋಡಿ, ಪ್ರಿಂಟ್ ತೆಗೆದಿಡಿ.

ಎಡವುವ ಜಾಗ ಎರಡು: ಕಂಪನಿಯಲ್ಲಿ ಪೂರ್ಣಾವಧಿ ಸಂಬಳದ ಕೆಲಸ ಮಾಡುತ್ತಾ ಸನ್ನದು ಇಟ್ಟುಕೊಳ್ಳುವುದು. ವಕೀಲರ ಪರಿಷತ್ತಿನ ನಿಯಮದ ಪ್ರಕಾರ ಪೂರ್ಣಾವಧಿ ನೌಕರ ವಕೀಲಿಕೆ ಮಾಡುವಂತಿಲ್ಲ, ಕೆಲಸಕ್ಕೆ ಸೇರಿದ್ದನ್ನು ಪರಿಷತ್ತಿಗೆ ತಿಳಿಸಿ ಸನ್ನದನ್ನು ಅಮಾನತಿನಲ್ಲಿ ಇಡಬೇಕು. ಆ ಅವಧಿಯನ್ನು ಪ್ರಾಕ್ಟೀಸ್ ಅಂತ ತೋರಿಸಿ ಆಮೇಲೆ ಸಿಕ್ಕಿಬಿದ್ದರೆ ಕೆಲಸವೂ ಹೋಗುತ್ತದೆ, ಹೆಸರೂ ಹೋಗುತ್ತದೆ.

ಎಲ್ಲಿ ಪ್ರಾಕ್ಟೀಸ್ ಮಾಡುವುದು ಒಳ್ಳೆಯದು? ನನ್ನನ್ನು ಕೇಳಿದರೆ ತಾಲ್ಲೂಕು ಅಥವಾ ಜಿಲ್ಲಾ ಕೇಂದ್ರ. ಬೆಂಗಳೂರು ನಗರದ ವ್ಯವಸ್ಥೆ ಬೇರೆ. ಅಲ್ಲಿ 1979ರ ಕಾಯ್ದೆಯಡಿ ಸಿಟಿ ಸಿವಿಲ್ ಕೋರ್ಟ್ ಇದೆ, ಸಾಮಾನ್ಯ ಸಿವಿಲ್ ದಾವೆಗಳನ್ನು ಜಿಲ್ಲಾ ನ್ಯಾಯಾಧೀಶರ ದರ್ಜೆಯವರೇ ಕೇಳುತ್ತಾರೆ, ಮ್ಯಾಜಿಸ್ಟ್ರೇಟ್ ಕೋರ್ಟುಗಳು ಬೇರೆ ಕಡೆ. ತಾಲ್ಲೂಕಿನಲ್ಲಿ ಒಂದೇ ಹಾಲಿನಲ್ಲಿ ಪಾಲು ದಾವೆ, ಚೆಕ್ ಬೌನ್ಸ್, ಜೀವನಾಂಶ, ಅಪಘಾತ, ಜಾಮೀನು ಎಲ್ಲ ಒಟ್ಟಿಗೆ ಕಣ್ಣಿಗೆ ಬೀಳುತ್ತವೆ. ನಾಳೆ ನೀವು ಕೂರುವುದು ಅಂಥದ್ದೇ ಪೀಠದ ಮೇಲೆ.

ಆ ಮೂರು ವರ್ಷದಲ್ಲಿ ದಿನಾ ಒಂದು ಅಭ್ಯಾಸ ಇಟ್ಟುಕೊಳ್ಳಿ. ನಿಮ್ಮ ಕೇಸು ಕರೆಯುವವರೆಗೆ ವಕೀಲರ ಸಂಘದ ಕೋಣೆಯಲ್ಲಿ ಕಾಫಿ ಕುಡಿಯುತ್ತಾ ಕೂರಬೇಡಿ, ಹಾಲಿನಲ್ಲಿ ಕೂರಿ. ಬೇರೆಯವರ ಪಾಟಿ ಸವಾಲು ಕೇಳಿ. ಯಾವ ಪ್ರಶ್ನೆಯನ್ನು ಜಡ್ಜ್ ಬೇಡ ಅಂದರು, ಯಾಕೆ ಅಂದರು, ಅಂತ ಸಂಜೆ ಕಾನೂನು ಪುಸ್ತಕ ತೆಗೆದು ನೋಡಿ. ಒಂದು ಕೇಸಿನ ವಾದಪತ್ರ, ಲಿಖಿತ ಹೇಳಿಕೆ ಎರಡನ್ನೂ ಓದಿ, ತೀರ್ಪು ಬರುವ ಮೊದಲೇ ನಿಮ್ಮದೇ ತೀರ್ಪು ಬರೆದಿಡಿ. ನಿಜವಾದ ತೀರ್ಪು ಬಂದ ಮೇಲೆ ಪಕ್ಕದಲ್ಲಿಟ್ಟು ಹೋಲಿಸಿ. ಇದಕ್ಕಿಂತ ಒಳ್ಳೆಯ ಕೋಚಿಂಗ್ ನನಗೆ ಗೊತ್ತಿಲ್ಲ.

3. ಅಧಿಸೂಚನೆ ಮತ್ತು ಅರ್ಜಿ

ನೇಮಕಾತಿ ನಡೆಸುವುದು ಕರ್ನಾಟಕ ಹೈಕೋರ್ಟ್, ಕೆಪಿಎಸ್‌ಸಿ ಅಲ್ಲ. ಅಧಿಸೂಚನೆ ಹೈಕೋರ್ಟಿನ ಜಾಲತಾಣದಲ್ಲೇ ಬರುತ್ತದೆ, ಅರ್ಜಿಯೂ ಆನ್‌ಲೈನ್. ಇದೆಲ್ಲ 2004ರ ಕರ್ನಾಟಕ ನ್ಯಾಯಾಂಗ ಸೇವೆ ನೇಮಕಾತಿ ನಿಯಮಗಳ ಪ್ರಕಾರ ನಡೆಯುತ್ತದೆ. ನೇಮಕಾತಿ ಆದೇಶ ರಾಜ್ಯಪಾಲರ ಹೆಸರಿನಲ್ಲಿ ಬಂದರೂ ಸೇವೆಯ ಹಿಡಿತವೆಲ್ಲ ಹೈಕೋರ್ಟಿನದ್ದು. ಸಂವಿಧಾನದ 235ನೇ ವಿಧಿ ಹೇಳುವುದು ಇದನ್ನೇ. ನಿಮ್ಮ ವರ್ಗಾವಣೆಗೆ ಶಾಸಕರ ಪತ್ರ ನಡೆಯುವುದಿಲ್ಲ ಅನ್ನುವುದು ಈ ಕೆಲಸದ ದೊಡ್ಡ ನೆಮ್ಮದಿ.

ವಯಸ್ಸಿನ ಮಿತಿ, ಸಡಿಲಿಕೆ, ಮೀಸಲಾತಿ ಹಂಚಿಕೆಗಳನ್ನು ಆಯಾ ಅಧಿಸೂಚನೆಯಲ್ಲೇ ಓದಿ. ಹಳೆಯ ಅಧಿಸೂಚನೆಯ ಪಿಡಿಎಫ್ ವಾಟ್ಸಾಪ್ ಗುಂಪುಗಳಲ್ಲಿ ತಿರುಗುತ್ತಾ ಇರುತ್ತದೆ, ಅದನ್ನು ನಂಬಿ ವಯಸ್ಸು ಲೆಕ್ಕ ಹಾಕಬೇಡಿ. ಜಾತಿ, ಗ್ರಾಮೀಣ, ಕನ್ನಡ ಮಾಧ್ಯಮದ ಪ್ರಮಾಣಪತ್ರಗಳನ್ನು ಕೊನೆಯ ದಿನಾಂಕದೊಳಗೆ, ಕೇಳಿದ ನಮೂನೆಯಲ್ಲೇ ಪಡೆದಿಟ್ಟುಕೊಳ್ಳಿ. ಆಮೇಲೆ ತಂದುಕೊಡುತ್ತೇನೆ ಎಂದರೆ ಒಪ್ಪುವುದಿಲ್ಲ.

ಅರ್ಜಿಯಲ್ಲಿ ಒಂದು ಕಾಲಂ ಇರುತ್ತದೆ: ನಿಮ್ಮ ಮೇಲೆ ಕ್ರಿಮಿನಲ್ ಕೇಸು ಇತ್ತೇ, ಇದೆಯೇ? ಕಾಲೇಜು ದಿನಗಳ ಗಲಾಟೆ, ಪ್ರತಿಭಟನೆ, ರಾಜಿಯಾಗಿ ಮುಗಿದ ಅಕ್ಕಪಕ್ಕದ ಜಗಳ, ಏನಿದ್ದರೂ ಬರೆಯಿರಿ. ಸಣ್ಣ ಕೇಸು ಇದ್ದದ್ದನ್ನು ಹೇಳಿದರೆ ಪರಿಗಣಿಸುವ ದಾರಿ ಇದೆ. ಮುಚ್ಚಿಟ್ಟಿದ್ದು ಪೊಲೀಸ್ ಪರಿಶೀಲನೆಯಲ್ಲಿ ಗೊತ್ತಾದರೆ, ಮುಚ್ಚಿಟ್ಟದ್ದೇ ದೊಡ್ಡ ತಪ್ಪಾಗುತ್ತದೆ. ನ್ಯಾಯಾಧೀಶರ ಹುದ್ದೆಗೆ ಇದನ್ನು ಇನ್ನೂ ಕಟ್ಟುನಿಟ್ಟಾಗಿ ನೋಡುತ್ತಾರೆ.

4. ಪೂರ್ವಭಾವಿ ಪರೀಕ್ಷೆ

100 ಅಂಕದ ಬಹು ಆಯ್ಕೆ ಪ್ರಶ್ನೆಗಳು. ಸಿವಿಲ್ ಪ್ರಕ್ರಿಯಾ ಸಂಹಿತೆ, ಕರಾರು ಕಾಯ್ದೆ, ಆಸ್ತಿ ವರ್ಗಾವಣೆ ಕಾಯ್ದೆ, ನಿರ್ದಿಷ್ಟ ಪರಿಹಾರ ಕಾಯ್ದೆ, ಚೆಕ್ಕಿನ ಕಾನೂನು, ಸಂವಿಧಾನ, ಕ್ರಿಮಿನಲ್ ಕಾನೂನುಗಳು, ಜೊತೆಗೆ ಸಾಮಾನ್ಯ ಜ್ಞಾನ ಮತ್ತು ತಾರ್ಕಿಕ ಪ್ರಶ್ನೆಗಳು. ಇಲ್ಲಿಯ ಅಂಕ ಅಂತಿಮ ಪಟ್ಟಿಗೆ ಸೇರುವುದಿಲ್ಲ, ಮುಂದಿನ ಹಂತಕ್ಕೆ ದಾಟಿಸುತ್ತದೆ ಅಷ್ಟೇ.

ಮೂಲ ಕಾಯ್ದೆಯ ಪುಸ್ತಕ, ಅಂದರೆ ಬೇರ್ ಆಕ್ಟ್, ಓದದೆ ಬರೀ ಗೈಡ್ ಓದುವುದು ಇಲ್ಲಿ ಎಲ್ಲರೂ ಮಾಡುವ ತಪ್ಪು. ಕೇಳುವ ಪ್ರಶ್ನೆ ಬಹಳ ಸಲ ಕಲಮಿನ ವಿವರಣೆಯಿಂದಲೋ, 'ಆದರೆ' ಎಂದು ಶುರುವಾಗುವ ಪರಂತುಕದಿಂದಲೋ ಬಂದಿರುತ್ತದೆ.

5. ಮುಖ್ಯ ಪರೀಕ್ಷೆ

ನಿಜವಾದ ಪರೀಕ್ಷೆ ಇದು. ತಲಾ 100 ಅಂಕದ ನಾಲ್ಕು ಪೇಪರ್: ಒಂದು ಅನುವಾದ, ಮೂರು ಕಾನೂನು. ಕಾನೂನಿನ ಮೂರರಲ್ಲಿ ಒಂದು ಪ್ರಕ್ರಿಯಾ ಕಾನೂನು ಮತ್ತು ಸಾಕ್ಷ್ಯದ್ದು, ಇನ್ನೊಂದು ಸಿವಿಲ್ ತೀರ್ಪು ಬರೆಯುವುದು, ಮತ್ತೊಂದು ಕ್ರಿಮಿನಲ್ ತೀರ್ಪು ಬರೆಯುವುದು. ಒಟ್ಟು ಅಂಕ ಚೆನ್ನಾಗಿದ್ದರೆ ಸಾಲದು, ಪ್ರತಿ ಪೇಪರಿನಲ್ಲೂ ಕನಿಷ್ಠ ಅಂಕ ದಾಟಲೇಬೇಕು. ಒಂದರಲ್ಲಿ ಬಿದ್ದರೆ ಉಳಿದ ಮೂರೂ ವ್ಯರ್ಥ.

ಅನುವಾದದ ಪೇಪರನ್ನು ಹಗುರವಾಗಿ ತೆಗೆದುಕೊಂಡು ಬೀಳುವವರು ಜಾಸ್ತಿ. ಸಾಕ್ಷಿ ಹೇಳಿಕೆ, ದಸ್ತಾವೇಜು, ತೀರ್ಪಿನ ಭಾಗಗಳನ್ನು ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಕನ್ನಡಕ್ಕೆ ತರಬೇಕು. ಕ್ರಯಪತ್ರ, ಭೋಗ್ಯ ಪತ್ರ, ಹಕ್ಕು ಖುಲಾಸೆ, ಪಾಲುಪಟ್ಟಿ, ಪಹಣಿ, ಸಾಗುವಳಿ ಚೀಟಿ, ಮಹಜರು, ಇವೆಲ್ಲ ಬೆರಳ ತುದಿಯಲ್ಲಿರಬೇಕು. ಷೆಡ್ಯೂಲಿನ ಚಕ್ಕುಬಂದಿ ಬರೆಯುವಾಗ ಪೂರ್ವ ಪಶ್ಚಿಮ ಅದಲು ಬದಲಾದರೆ ಅದು ಬೇರೆಯದೇ ಆಸ್ತಿಯಾಗುತ್ತದೆ, ಅಲ್ವಾ? ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರು ಸಬ್ ರಿಜಿಸ್ಟ್ರಾರ್ ಕಚೇರಿಯ ಹತ್ತಿರದ ದಸ್ತಾವೇಜು ಬರಹಗಾರರಿಂದ ಹಳೆಯ ಪತ್ರಗಳ ನಕಲು ಪಡೆದು ಓದಿ. ಕನ್ನಡ ಮಾಧ್ಯಮದವರು ಹೈಕೋರ್ಟ್ ತೀರ್ಪುಗಳನ್ನು ದಿನಕ್ಕೆ ಎರಡು ಪುಟದಂತೆ ಕನ್ನಡಕ್ಕೆ ತನ್ನಿ.

ಈಗ ಸಿವಿಲ್ ತೀರ್ಪು. ಎರಡೂ ಕಡೆಯ ವಾದ ಕೊಟ್ಟು ವಿವಾದಾಂಶ ರಚಿಸಿ ತೀರ್ಪು ಬರೆಯಿರಿ ಎಂದು ಕೇಳುತ್ತಾರೆ. ವಿವಾದಾಂಶ ಅಂದರೆ ಒಬ್ಬರು ಹೌದು ಎಂದು, ಇನ್ನೊಬ್ಬರು ಅಲ್ಲ ಎಂದು ಹೇಳುವ, ಕೋರ್ಟ್ ತೀರ್ಮಾನಿಸಬೇಕಾದ ಪ್ರಶ್ನೆ. ಒಂದು ಉದಾಹರಣೆಯನ್ನು ಬಿಡಿಸಿ ನೋಡೋಣ.

ಎರಡು ಎಕರೆ ಜಮೀನು. ವಾದಿ ಹೇಳುತ್ತಾನೆ: ಇದು ನನ್ನ ಸ್ವಾಧೀನದಲ್ಲಿದೆ, ಪಕ್ಕದ ಜಮೀನಿನವನು ಬದು ಒಡೆದು ಒಳಗೆ ಬರುತ್ತಿದ್ದಾನೆ, ಶಾಶ್ವತ ನಿರ್ಬಂಧಕಾಜ್ಞೆ ಕೊಡಿ. ಪ್ರತಿವಾದಿ ಹೇಳುತ್ತಾನೆ: ಇವನ ತಂದೆ ಆ ಜಮೀನನ್ನು ನನಗೆ ನೋಂದಾಯಿತ ಕ್ರಯಪತ್ರದ ಮೂಲಕ ಮಾರಿದ್ದಾನೆ, ಸ್ವಾಧೀನವೂ ನನ್ನದೇ. ಇಲ್ಲಿ ಮೊದಲ ವಿವಾದಾಂಶ, ದಾವೆ ಹಾಕಿದ ದಿನ ದಾವಾ ಆಸ್ತಿ ತನ್ನ ಕಾನೂನುಬದ್ಧ ಸ್ವಾಧೀನದಲ್ಲಿತ್ತು ಎಂದು ವಾದಿ ರುಜುವಾತು ಪಡಿಸುತ್ತಾನೆಯೇ? ಎರಡನೆಯದು, ಪ್ರತಿವಾದಿ ಅಡ್ಡಿ ಮಾಡಿದ್ದನ್ನು ವಾದಿ ರುಜುವಾತು ಪಡಿಸುತ್ತಾನೆಯೇ? ಮೂರನೆಯದು, ಕ್ರಯದ ಸಂಗತಿಯನ್ನು ಪ್ರತಿವಾದಿ ರುಜುವಾತು ಪಡಿಸುತ್ತಾನೆಯೇ? ನೋಡಿ, ಇಲ್ಲಿ ರುಜುವಾತಿನ ಭಾರ ಪ್ರತಿವಾದಿಗೆ ದಾಟಿತು. ನಾಲ್ಕನೆಯದನ್ನು ಹೆಚ್ಚಿನವರು ಮರೆಯುತ್ತಾರೆ: ಹಕ್ಕಿನ ಮೇಲೆಯೇ ತಕರಾರು ಇರುವಾಗ, ಹಕ್ಕು ಘೋಷಣೆ ಕೇಳದೆ ಬರೀ ನಿರ್ಬಂಧಕಾಜ್ಞೆಯ ದಾವೆ ನಿಲ್ಲುತ್ತದೆಯೇ? ಅನತುಲ ಸುಧಾಕರ್ ಪ್ರಕರಣದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ವಿವರವಾಗಿ ಹೇಳಿದೆ. ಕೊನೆಗೆ, ವಾದಿ ಕೇಳಿದ ಪರಿಹಾರಕ್ಕೆ ಅರ್ಹನೇ, ಏನು ಆದೇಶ. ಇಷ್ಟು ಸರಿಯಾಗಿ ಹಾಕಿದರೆ ತೀರ್ಪು ತಾನಾಗಿ ದಾರಿ ಹಿಡಿಯುತ್ತದೆ. ಭಾರ ತಪ್ಪಾಗಿ ಹೊರಿಸಿದರೆ ಮುಂದಿನ ಹತ್ತು ಪುಟವೂ ತಪ್ಪು.

ಪಾಲು ದಾವೆಯನ್ನೂ ಬಿಡಬೇಡಿ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದ ಹಕ್ಕು ಎಂಬುದನ್ನು ಕರ್ನಾಟಕ 1994ರಲ್ಲೇ ತನ್ನ ತಿದ್ದುಪಡಿಯಿಂದ ತಂದಿತ್ತು. ಆದರೆ ತಿದ್ದುಪಡಿಗೆ ಮೊದಲೇ ಮದುವೆಯಾದವರಿಗೆ ಅದು ಸಿಗುತ್ತಿರಲಿಲ್ಲ. ಕೇಂದ್ರದ ತಿದ್ದುಪಡಿ 2005ರಲ್ಲಿ ಬಂತು, ಸುಪ್ರೀಂ ಕೋರ್ಟಿನ ವಿನೀತಾ ಶರ್ಮಾ ತೀರ್ಪು 2020ರ ಆಗಸ್ಟ್ 11ರಂದು. 2005ರಲ್ಲಿ ತಂದೆ ಬದುಕಿದ್ದರೋ ಇಲ್ಲವೋ ಅನ್ನುವುದು ಮುಖ್ಯವಲ್ಲ ಎಂದು ಅಲ್ಲಿ ಇತ್ಯರ್ಥವಾಯಿತು. ಈ ಕ್ರಮ ಗೊತ್ತಿಲ್ಲದೆ ಪಾಲು ಹಂಚಿದರೆ ಲೆಕ್ಕವೇ ಬೇರೆ ಬರುತ್ತದೆ.

ಕ್ರಿಮಿನಲ್ ಪೇಪರಿನಲ್ಲಿ ಮೊದಲು ನೋಡಬೇಕಾದ್ದು ಘಟನೆಯ ದಿನಾಂಕ. 2024ರ ಜುಲೈ 1ಕ್ಕೆ ಮೊದಲಿನ ಅಪರಾಧಕ್ಕೆ ಹಳೆಯ ದಂಡ ಸಂಹಿತೆಯೇ, ಅಂದು ಮತ್ತು ನಂತರದ್ದಕ್ಕೆ ಭಾರತೀಯ ನ್ಯಾಯ ಸಂಹಿತೆ. ಹಾಗಾಗಿ ಹಳೆಯ ಪುಸ್ತಕ ಅಟ್ಟಕ್ಕೆ ಹಾಕಬೇಡಿ, ಇನ್ನೂ ಎಷ್ಟೋ ವರ್ಷ ಎರಡೂ ಬೇಕು. ದೋಷಾರೋಪಣೆಯಲ್ಲಿ ದಿನಾಂಕ, ಸಮಯ, ಜಾಗ, ಯಾರ ಮೇಲೆ, ಯಾವ ಕೃತ್ಯ, ಯಾವ ಕಲಂ ಎಲ್ಲವೂ ಇರಲಿ, ಆರೋಪಿಗೆ ತಾನು ಯಾವುದಕ್ಕೆ ಉತ್ತರ ಕೊಡಬೇಕು ಎಂದು ಗೊತ್ತಾಗಬೇಕು. ಚೆಕ್ ಬೌನ್ಸ್ ಕೇಸು ಬಂದರೆ ದಿನಗಳ ಲೆಕ್ಕ ತಪ್ಪಬಾರದು: ಚೆಕ್ ವಾಪಸಾದ ಮಾಹಿತಿ ಸಿಕ್ಕ 30 ದಿನದೊಳಗೆ ನೋಟಿಸ್, ನೋಟಿಸ್ ತಲುಪಿದ ಮೇಲೆ ಹಣ ಕೊಡಲು 15 ದಿನ, ಅದು ಮುಗಿದ ಒಂದು ತಿಂಗಳೊಳಗೆ ದೂರು. ಲೈಂಗಿಕ ದೌರ್ಜನ್ಯದ ಕೇಸಿನ ತೀರ್ಪಿನಲ್ಲಿ ಸಂತ್ರಸ್ತೆಯ ಹೆಸರು ಬರೆಯಲೇಬೇಡಿ. ಹೆಸರು ಬಯಲು ಮಾಡುವುದನ್ನು ನ್ಯಾಯ ಸಂಹಿತೆಯ 72ನೇ ಕಲಂ ಅಪರಾಧ ಎನ್ನುತ್ತದೆ. ಪ್ರಶ್ನೆ ಪತ್ರಿಕೆಯಲ್ಲಿ ಹೆಸರು ಕೊಟ್ಟಿದ್ದರೂ ನೀವು 'ಸಂತ್ರಸ್ತೆ' ಎಂದೇ ಬರೆಯಿರಿ.

ಇನ್ನೊಂದು, ಸಾಕ್ಷಿಗಳು ಹೇಳಿದ್ದನ್ನೆಲ್ಲ ಮತ್ತೆ ನಕಲು ಮಾಡಿ ಪುಟ ತುಂಬಿಸಬೇಡಿ. ಯಾರನ್ನು ನಂಬಿದಿರಿ, ಯಾರನ್ನು ನಂಬಲಿಲ್ಲ, ಯಾಕೆ? ಈ 'ಯಾಕೆ' ಇಲ್ಲದಿದ್ದರೆ ಅದು ತೀರ್ಪೇ ಅಲ್ಲ. ಸೋತವನು ಓದಿದಾಗ ತನ್ನ ಮಾತನ್ನು ಕೇಳಿಸಿಕೊಂಡಿದ್ದಾರೆ ಅನ್ನಿಸಬೇಕು.

6. ಸಂದರ್ಶನ

ಹೈಕೋರ್ಟ್ ನ್ಯಾಯಮೂರ್ತಿಗಳೇ ಸಂದರ್ಶನ ಮಾಡುತ್ತಾರೆ. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ. ನೀವು ಪ್ರಾಕ್ಟೀಸ್ ಮಾಡುವ ಊರಿನ ಕೋರ್ಟ್, ಅಲ್ಲಿಯ ಸಾಮಾನ್ಯ ವಿವಾದಗಳು, ನೀವು ನಡೆಸಿದ ಕೇಸುಗಳ ಬಗ್ಗೆ ಕೇಳಿದರೆ ತೊದಲುವಂತೆ ಆಗಬಾರದು. ಮೂರು ವರ್ಷ ನಿಜವಾಗಿ ಕೆಲಸ ಮಾಡಿದವರಿಗೂ ಸರ್ಟಿಫಿಕೇಟ್ ಮಾತ್ರ ಪಡೆದವರಿಗೂ ಇರುವ ವ್ಯತ್ಯಾಸ ಇಲ್ಲಿ ಬಯಲಾಗುತ್ತದೆ.

'ಮೇಲೆ ಹೇಳಿಸ್ತೀನಿ, ಇಷ್ಟು ಕೊಡಿ' ಅನ್ನುವವರು ಈ ಹಂತದಲ್ಲಿ ಹತ್ತಿರ ಬರಬಹುದು. ಒಂದು ರೂಪಾಯಿಯನ್ನೂ ಕೊಡಬೇಡಿ. ಶಿಫಾರಸು ಮಾಡಿಸಲು ಹೋದದ್ದು ಗೊತ್ತಾದರೆ ನಿಮ್ಮ ಅರ್ಜಿಯೇ ತಿರಸ್ಕಾರವಾಗುತ್ತದೆ.

7. ತರಬೇತಿ ಮತ್ತು ಮೊದಲ ಪೋಸ್ಟಿಂಗ್

ಆಯ್ಕೆಯಾದ ತಕ್ಷಣ ಪೀಠ ಸಿಗುವುದಿಲ್ಲ. ಬೆಂಗಳೂರಿನ ಕ್ರೆಸೆಂಟ್ ರಸ್ತೆಯಲ್ಲಿರುವ ಕರ್ನಾಟಕ ನ್ಯಾಯಾಂಗ ಅಕಾಡೆಮಿಯಲ್ಲಿ ತರಬೇತಿ ಇರುತ್ತದೆ. ಕೋರ್ಟ್ ನಡೆಸುವ ಮೊದಲು ಕನಿಷ್ಠ ಒಂದು ವರ್ಷ ತರಬೇತಿ ಆಗಿರಬೇಕು ಎಂದು, ಮೂರು ವರ್ಷದ ನಿಯಮ ವಾಪಸ್ ತಂದ 2025ರ ಮೇ ತಿಂಗಳ ತೀರ್ಪೇ ಹೇಳಿದೆ.

ಮೊದಲ ಪೋಸ್ಟಿಂಗ್ ಸಾಮಾನ್ಯವಾಗಿ ತಾಲ್ಲೂಕು. ಅಲ್ಲಿ ಶಿರಸ್ತೇದಾರರು, ಬೆಂಚ್ ಕ್ಲರ್ಕ್, ಸ್ಟೆನೋ ನಿಮಗಿಂತ ಹೆಚ್ಚು ವರ್ಷ ಕೋರ್ಟ್ ನೋಡಿದವರು. ಅವರಿಂದ ಕಲಿಯಿರಿ, ಆದರೆ ಆರ್ಡರ್ ಶೀಟ್ ನೀವೇ ಹೇಳಿ ಬರೆಸಿ. ಆರ್ಡರ್ ಶೀಟ್ ಅಂದರೆ ಕೇಸಿನಲ್ಲಿ ಆ ದಿನ ಏನು ನಡೆಯಿತು ಎಂಬ ದಾಖಲೆ. 'ವಾದಿ ವಕೀಲರು ಸಮಯ ಕೋರಿದರು, ಮುಂದೂಡಿದೆ' ಎಂದು ಬೆಂಚ್ ಕ್ಲರ್ಕ್ ತಾವೇ ಬರೆದು ಸಹಿಗೆ ಇಡುವ ರೂಢಿಗೆ ಬಿಟ್ಟುಕೊಟ್ಟರೆ ಕೋರ್ಟಿನ ಹಿಡಿತ ಮೊದಲ ತಿಂಗಳಲ್ಲೇ ತಪ್ಪುತ್ತದೆ.

ಮ್ಯಾಜಿಸ್ಟ್ರೇಟ್ ಆಗಿ ನಿಮ್ಮ ಕೈಯಲ್ಲಿರುವ ದೊಡ್ಡ ಜವಾಬ್ದಾರಿ ರಿಮಾಂಡ್, ಅಂದರೆ ಬಂಧಿತನನ್ನು ಕಸ್ಟಡಿಗೆ ಕಳಿಸಬೇಕೇ ಎಂದು ತೀರ್ಮಾನಿಸುವುದು. ಬಂಧಿಸಿದ 24 ಗಂಟೆಯೊಳಗೆ ಪೊಲೀಸರು ಆರೋಪಿಯನ್ನು ನಿಮ್ಮ ಮುಂದೆ ತರಬೇಕು. ಭಾನುವಾರವಾದರೆ ನಿಮ್ಮ ಮನೆಗೇ ತರುತ್ತಾರೆ, ರಾತ್ರಿಯಾದರೂ ತರುತ್ತಾರೆ. ಕಾಗದ ನೋಡಿ ಸಹಿ ಮಾಡಿ ಕಳಿಸಬೇಡಿ, ಆ ಮನುಷ್ಯನನ್ನು ನೋಡಿ. ಯಾವಾಗ ಹಿಡಿದರು, ಯಾಕೆ ಎಂದು ಹೇಳಿದರಾ, ಮನೆಯವರಿಗೆ ಗೊತ್ತಾ, ಯಾರಾದರೂ ಹೊಡೆದರಾ, ವಕೀಲರು ಬೇಕಾ, ಇಷ್ಟನ್ನು ಅವನಿಗೆ ಅರ್ಥವಾಗುವ ಕನ್ನಡದಲ್ಲಿ, ಪೊಲೀಸರನ್ನು ಸ್ವಲ್ಪ ದೂರ ನಿಲ್ಲಿಸಿ ಕೇಳಿ. ಉತ್ತರವನ್ನು ಬರೆದುಕೊಳ್ಳಿ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನ ಯಾಕೆ ಬೇಕಾಯಿತು ಎಂದು ಪೊಲೀಸರು ಕಾರಣ ಕೊಡಬೇಕು, ಮ್ಯಾಜಿಸ್ಟ್ರೇಟ್ ಅದನ್ನು ಪರಿಶೀಲಿಸಬೇಕು ಎಂದು ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ. ಬಡವನೊಬ್ಬ ವಿನಾಕಾರಣ ಜೈಲಿಗೆ ಹೋಗುವುದನ್ನು ತಡೆಯಬಲ್ಲ ಮೊದಲ ವ್ಯಕ್ತಿ ನೀವು.

ಶಿಕ್ಷೆಯ ಅಧಿಕಾರದ ಮಿತಿ ಹೀಗಿದೆ. ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ 3 ವರ್ಷದವರೆಗೆ ಜೈಲು, 50,000 ರೂಪಾಯಿವರೆಗೆ ದಂಡ ಅಥವಾ ಸಮುದಾಯ ಸೇವೆ ವಿಧಿಸಬಹುದು. ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟ್ 7 ವರ್ಷದವರೆಗೆ. ಸೆಷನ್ಸ್ ನ್ಯಾಯಾಧೀಶರು, ಅಂದರೆ ಕ್ರಿಮಿನಲ್ ಕೇಸು ಕೇಳುವ ಜಿಲ್ಲಾ ನ್ಯಾಯಾಧೀಶರು, ಕಾನೂನಿನಲ್ಲಿರುವ ಯಾವ ಶಿಕ್ಷೆಯನ್ನಾದರೂ ಕೊಡಬಹುದು, ಮರಣದಂಡನೆಯಾದರೆ ಹೈಕೋರ್ಟ್ ಖಚಿತಪಡಿಸಬೇಕು.

ಸಂಬಳದ ಬಗ್ಗೆಯೂ ಕೇಳುತ್ತೀರಿ, ಕೇಳಬೇಕಾದ್ದೇ. ಎರಡನೇ ರಾಷ್ಟ್ರೀಯ ನ್ಯಾಯಾಂಗ ವೇತನ ಆಯೋಗದ ಪ್ರಕಾರ ಸಿವಿಲ್ ಜಡ್ಜ್ ಮೂಲ ವೇತನ 77,840ರಿಂದ 1,36,520 ರೂಪಾಯಿ. ಸೀನಿಯರ್ ಸಿವಿಲ್ ಜಡ್ಜ್‌ಗೆ 1,11,000ದಿಂದ 1,63,030. ಜಿಲ್ಲಾ ನ್ಯಾಯಾಧೀಶರಿಗೆ ಆರಂಭದಲ್ಲಿ 1,44,840ರಿಂದ 1,94,660. ಇದರ ಮೇಲೆ ತುಟ್ಟಿಭತ್ಯೆ, ವಸತಿಗೃಹ ಅಥವಾ ಮನೆ ಬಾಡಿಗೆ ಭತ್ಯೆ ಮತ್ತಿತರ ಭತ್ಯೆಗಳು.

ಬದಲಿಗೆ ಬಿಡಬೇಕಾದ್ದೂ ಇದೆ. ಕೆಲವು ವರ್ಷಕ್ಕೊಮ್ಮೆ ವರ್ಗಾವಣೆ, ಸಾಮಾನ್ಯವಾಗಿ ಬೇಸಿಗೆ ರಜೆಯ ಹೊತ್ತಿಗೆ. ಮಕ್ಕಳ ಶಾಲೆ, ಸಂಗಾತಿಯ ಕೆಲಸ ಎಲ್ಲವನ್ನೂ ಮದುವೆಗೆ ಮುಂಚೆಯೇ ಮಾತಾಡಿಕೊಳ್ಳುವುದು ಒಳ್ಳೆಯದು. ಊರಿನ ಮದುವೆ, ಗೃಹಪ್ರವೇಶಗಳಿಗೆ ಹೋಗುವ ಮೊದಲು ಕರೆದವರ ಕೇಸು ನಿಮ್ಮ ಮುಂದೆ ಇದೆಯೇ ಎಂದು ಯೋಚಿಸಬೇಕು. ಆಸ್ತಿ ವಿವರ ಸಲ್ಲಿಸಬೇಕು. ತೀರ್ಪುಗಳ ಬಗ್ಗೆ ಸಾಮಾಜಿಕ ಜಾಲತಾಣದಲ್ಲಿ ಒಂದು ಸಾಲೂ ಬರೆಯುವಂತಿಲ್ಲ. 2024ರ ಡಿಸೆಂಬರಿನಲ್ಲಿ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ, ನ್ಯಾಯಾಧೀಶರು ಸನ್ಯಾಸಿಯಂತೆ ಬದುಕಿ ಕುದುರೆಯಂತೆ ದುಡಿಯಬೇಕು, ಫೇಸ್‌ಬುಕ್ಕಿನಿಂದ ದೂರ ಇರಬೇಕು ಎಂಬರ್ಥದ ಮಾತು ಹೇಳಿತ್ತು. ಇದು ನಿಮ್ಮಿಂದ ಆಗದು ಅನ್ನಿಸಿದರೆ ವಕೀಲಿಕೆಯಲ್ಲೇ ಉಳಿಯಿರಿ, ಅದೂ ಗೌರವದ ಕೆಲಸವೇ.

8. ಬಡ್ತಿ

ಸಿವಿಲ್ ಜಡ್ಜ್‌ನಿಂದ ಸೀನಿಯರ್ ಸಿವಿಲ್ ಜಡ್ಜ್ ಆಗುವುದು ಹೆಚ್ಚಾಗಿ ಸೇವಾ ಹಿರಿತನ ಮತ್ತು ಕೆಲಸದ ಗುಣಮಟ್ಟದ ಮೇಲೆ. ಜೊತೆಗೆ, ಮೂರು ವರ್ಷ ಸೇವೆ ಮಾಡಿದವರಿಗೆ ಸೀಮಿತ ಸ್ಪರ್ಧಾತ್ಮಕ ಪರೀಕ್ಷೆಯ ಮೂಲಕ 10% ಹುದ್ದೆ ಮೀಸಲಿಡಬೇಕು ಎಂದು 2025ರ ಮೇ ತಿಂಗಳ ಅದೇ ತೀರ್ಪು ಹೇಳಿದೆ. ಸೀಮಿತ ಪರೀಕ್ಷೆ ಅಂದರೆ ಸೇವೆಯಲ್ಲಿರುವವರು ಮಾತ್ರ ಬರೆಯುವ ಪರೀಕ್ಷೆ.

ಜಿಲ್ಲಾ ನ್ಯಾಯಾಧೀಶರ ಹುದ್ದೆಗೆ ಮೂರು ಬಾಗಿಲು. 50% ಹುದ್ದೆ ಮಾಮೂಲಿ ಬಡ್ತಿಯಿಂದ, 25% ಸೀಮಿತ ಪರೀಕ್ಷೆಯಿಂದ, 25% ವಕೀಲ ವರ್ಗದಿಂದ ನೇರ ನೇಮಕಾತಿ. ಸೀಮಿತ ಪರೀಕ್ಷೆಯ ಪಾಲು ಮೊದಲು 10% ಇತ್ತು. ಇದಕ್ಕೆ ಒಟ್ಟು 7 ವರ್ಷ ಸೇವೆ, ಅದರಲ್ಲಿ 3 ವರ್ಷ ಸೀನಿಯರ್ ಸಿವಿಲ್ ಜಡ್ಜ್ ಆಗಿರಬೇಕು.

ನಿಮ್ಮ ಬಡ್ತಿಯನ್ನು ತೀರ್ಮಾನಿಸುವುದು ವಾರ್ಷಿಕ ಗೋಪ್ಯ ವರದಿ, ಎಷ್ಟು ಕೇಸು ಇತ್ಯರ್ಥ ಮಾಡಿದಿರಿ ಎಂಬ ಲೆಕ್ಕ, ತೀರ್ಪುಗಳ ಗುಣಮಟ್ಟ. ಇತ್ಯರ್ಥದ ಲೆಕ್ಕ ತುಂಬಿಸಲು ಸುಲಭದ ಕೇಸುಗಳನ್ನೇ ಆರಿಸಿ, ಹದಿನೈದು ವರ್ಷದ ಪಾಲು ದಾವೆಯನ್ನು ಕಪಾಟಿನಲ್ಲಿ ಬಿಡುವ ಆಸೆ ಬರುತ್ತದೆ. ಬಿಡಬೇಡಿ. ಆ ಹಳೆಯ ಕಡತದ ಹಿಂದೆ ಆಸ್ತಿಯ ಮುಖ ನೋಡದೆ ಮುಪ್ಪಾದ ಅಣ್ಣ ತಮ್ಮಂದಿರು ಇರುತ್ತಾರೆ.

9. ವಕೀಲರಿಗೆ ನೇರ ದಾರಿ, ಮತ್ತು ಅದರಾಚೆ

ಸಿವಿಲ್ ಜಡ್ಜ್ ಪರೀಕ್ಷೆಯ ವಯಸ್ಸು ದಾಟಿತು ಎಂದು ಕೈಬಿಡಬೇಡಿ. ಸಂವಿಧಾನದ 233ನೇ ವಿಧಿಯಡಿ 7 ವರ್ಷ ವಕೀಲರಾಗಿದ್ದವರು ನೇರವಾಗಿ ಜಿಲ್ಲಾ ನ್ಯಾಯಾಧೀಶರಾಗಬಹುದು. ಕರ್ನಾಟಕದಲ್ಲಿ ವಯಸ್ಸು 35 ಆಗಿರಬೇಕು, 45 ದಾಟಿರಬಾರದು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 48. ಸೇವೆಯಲ್ಲಿರುವ ಜಡ್ಜ್‌ಗಳಿಗೆ ಈ ಬಾಗಿಲು 2020ರ ತೀರ್ಪಿನಿಂದ ಮುಚ್ಚಿತ್ತು. 2025ರ ಅಕ್ಟೋಬರ್ 9ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ತೆರೆಯಿತು. ವಕೀಲಿಕೆ ಮತ್ತು ನ್ಯಾಯಾಂಗ ಸೇವೆ ಎರಡೂ ಸೇರಿ 7 ವರ್ಷವಾಗಿದ್ದರೆ, ವಯಸ್ಸು 35 ಆಗಿದ್ದರೆ, ಸಿವಿಲ್ ಜಡ್ಜ್ ಕೂಡ ನೇರ ನೇಮಕಾತಿಗೆ ಅರ್ಜಿ ಹಾಕಬಹುದು. ಅಂದರೆ ನಿಮ್ಮ ಮೂರು ವರ್ಷದ ವಕೀಲಿಕೆ ಸೇವೆಗೆ ಸೇರಿದ ಮೇಲೂ ಲೆಕ್ಕದಲ್ಲಿರುತ್ತದೆ. ಆ ಸರ್ಟಿಫಿಕೇಟನ್ನೂ ವಕಾಲತ್ತುಗಳ ನಕಲನ್ನೂ ಎಸೆಯದೆ ಜೋಪಾನವಾಗಿಡಿ.

ಜಿಲ್ಲಾ ನ್ಯಾಯಾಧೀಶರಾದ ಮೇಲೆ ಕೌಟುಂಬಿಕ ನ್ಯಾಯಾಲಯ, ಪೋಕ್ಸೋ ವಿಶೇಷ ಕೋರ್ಟ್, ವಾಣಿಜ್ಯ ನ್ಯಾಯಾಲಯ, ಲೋಕಾಯುಕ್ತ ಕೇಸುಗಳ ಕೋರ್ಟ್ ಹೀಗೆ ಬೇರೆ ಬೇರೆ ಕಡೆ ನಿಯೋಜನೆ ಆಗಬಹುದು. ಹೈಕೋರ್ಟಿನ ರಿಜಿಸ್ಟ್ರಾರ್ ಹುದ್ದೆಗಳೂ ಇವೆ. ಜಿಲ್ಲೆಯ ಪ್ರಧಾನ ನ್ಯಾಯಾಧೀಶರಾದರೆ ಇಡೀ ಜಿಲ್ಲೆಯ ಕೋರ್ಟುಗಳ ಆಡಳಿತ ನಿಮ್ಮ ಮೇಲೆ. ನಿವೃತ್ತಿ 60ಕ್ಕೆ. ಹೈಕೋರ್ಟಿಗೆ ಪರೀಕ್ಷೆಯಿಲ್ಲ, ಅರ್ಜಿಯೂ ಇಲ್ಲ. 10 ವರ್ಷ ನ್ಯಾಯಾಂಗ ಹುದ್ದೆಯಲ್ಲಿದ್ದವರ ಹೆಸರನ್ನು ಕೊಲಿಜಿಯಂ, ಅಂದರೆ ಹಿರಿಯ ನ್ಯಾಯಮೂರ್ತಿಗಳ ಮಂಡಳಿ, ಶಿಫಾರಸು ಮಾಡಬಹುದು. ಆಗ ಅವರು ನೋಡುವುದು ನಿಮ್ಮ ಹಿಂದಿನ ತೀರ್ಪುಗಳನ್ನು ಮತ್ತು ಸೇವಾ ದಾಖಲೆಯನ್ನು.